ಘಾಟಿಯಲ್ಲಿ ಹನ್ನೆರಡು ಸೈಕಲ್, ಒಂದು ಜೀಪು

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವ ದಾರಿ ಸುಮಾರು 10 ಕಿ.ಮೀ. ಅಷ್ಟರಲ್ಲೇ 14 ಹೇರ್‌ಪಿನ್ ತಿರುವು, ಹತ್ತಿರ ಹತ್ತಿರ 500 ಮೀಟರ್ ಏರು. ಉಡುಪಿಯಿಂದ ಹೆಬ್ರಿವರೆಗೆ ಒಂದೇ ಗುಂಪಾಗಿ ಹರಟುತ್ತ ಬಂದ ಹನ್ನೆರಡು ಮಂದಿ ಇಲ್ಲಿ ಚದುರಿಹೋಗುತ್ತಾರೆ. ಗಂಟೆಗೆ 12 ಕಿ.ಮೀ. ವೇಗದಲ್ಲಿ ಹತ್ತುವವರು 50 ನಿಮಿಷಕ್ಕೆ ಮೇಲೆ ಮುಟ್ಟುತ್ತಾರೆ. 7 ಕಿ.ಮೀ. ವೇಗದವರಿಗೆ 86 ನಿಮಿಷ ಬೇಕು. ಮೊದಲಿಗರು ಆಗುಂಬೆ ತಲುಪಿ ಚಹಾ ಹೇಳುವ ಹೊತ್ತಿಗೆ ಕೊನೆಯವರು ಇನ್ನೂ ನಾಲ್ಕು ಕಿ.ಮೀ. ಕೆಳಗಿರುತ್ತಾರೆ. ಜೊತೆಗಿರುವುದು ಒಂದೇ ಜೀಪು. ಅದು ಯಾವಾಗ ಎಲ್ಲಿ ನಿಂತಿರಬೇಕು ಎಂಬುದನ್ನು ಮೊದಲು ಬಗೆಹರಿಸಿಕೊಂಡರೆ ನೀರು, ಊಟ, ಪಂಕ್ಚರು, ಗಾಯ ಎಲ್ಲದಕ್ಕೂ ದಾರಿ ಸಿಗುತ್ತದೆ.

ಗುಂಪು ಒಡೆಯುವುದಕ್ಕೆ ಕಾರಣ ಶಿಸ್ತಿಲ್ಲದಿರುವುದಲ್ಲ, ಭೌತಶಾಸ್ತ್ರ. ಸಪಾಟು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ಶ್ರಮದ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೆ ಹೋಗುತ್ತದೆ. ಮುಂದಿನವರ ಬೆನ್ನಿಗೆ ಅಂಟಿಕೊಂಡು ಹೋದರೆ ಆ ಭಾರ ಇಳಿಯುತ್ತದೆ, ಹೀಗಾಗಿ ಸಾಧಾರಣ ಸವಾರರೂ ಗಟ್ಟಿಗರ ಜೊತೆ ಸಾಗಬಲ್ಲರು. ಘಾಟಿಯ ವೇಗದಲ್ಲಿ ಗಾಳಿಯ ತಡೆ ಲೆಕ್ಕಕ್ಕೇ ಇಲ್ಲ. ಅಲ್ಲಿ ಎದುರಾಳಿ ಗುರುತ್ವ, ಅವರವರ ತೂಕ ಅವರವರೇ ಎತ್ತಬೇಕು. 'ಎಲ್ಲರೂ ಒಟ್ಟಿಗೇ ಹತ್ತಿ' ಎಂದು ಆಜ್ಞೆ ಮಾಡುವ ಮುಂದಾಳು ಸೋಲುವುದು ಇಲ್ಲೇ. ಬಲವಿದ್ದವರು ನಿಧಾನಿಸಿದರೆ ಕಾಲು ಹಿಡಿದುಕೊಳ್ಳುತ್ತದೆ, ನಿಧಾನದವರು ಅವರ ಹಿಂದೆ ಬಿದ್ದರೆ ಆರನೇ ತಿರುವಿಗೇ ಸುಸ್ತು.

ಸವಾರ, ಸೈಕಲ್, ನೀರು ಸೇರಿ 80 ಕಿಲೋ ಎಂದುಕೊಳ್ಳಿ. ಅದನ್ನು 500 ಮೀಟರ್ ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ 392 ಕಿಲೋಜೂಲ್. ನಿಧಾನವಾಗಿ ಹತ್ತಿದರೂ ಬೇಗ ಹತ್ತಿದರೂ ಇದು ಬದಲಾಗದು. ನಮ್ಮ ಸ್ನಾಯುಗಳು ತಿಂದ ಶಕ್ತಿಯಲ್ಲಿ ಕಾಲು ಭಾಗದಷ್ಟನ್ನು ಮಾತ್ರ ಪೆಡಲಿಗೆ ಕೊಡುತ್ತವೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಒಂದು ಕಿಲೋಕ್ಯಾಲರಿ ಎಂದರೆ ಸುಮಾರು 4.2 ಕಿಲೋಜೂಲ್. ಈ ಎರಡು ಅಂಕಿಗಳು ಹೆಚ್ಚುಕಡಿಮೆ ವಜಾ ಆಗಿಬಿಡುವುದರಿಂದ ಸುಲಭದ ಲೆಕ್ಕವೊಂದು ಸಿಗುತ್ತದೆ: ಪೆಡಲಿನಲ್ಲಿ ಎಷ್ಟು ಕಿಲೋಜೂಲ್ ಕೆಲಸವೋ ಸುಮಾರು ಅಷ್ಟೇ ಕಿಲೋಕ್ಯಾಲರಿ ಆಹಾರ. ಘಾಟಿಯೊಂದಕ್ಕೇ 400 ಕಿಲೋಕ್ಯಾಲರಿ, ಅಂದರೆ ಬೆಳಗಿನ ಒಂದು ಒಳ್ಳೆಯ ತಿಂಡಿ.

ಇದೇ ಲೆಕ್ಕದಿಂದ ಜೀಪಿಗೆ ಏನು ಹಾಕಬೇಕು ಎನ್ನುವುದೂ ತಿಳಿಯುತ್ತದೆ. 80 ಕಿಲೋದಲ್ಲಿ ಒಂದು ಕಿಲೋ ಎಂದರೆ ಶೇ. 1.25. ನಿಧಾನ ಸವಾರರಿಗೆ ಆಗುಂಬೆಯಲ್ಲಿ ಕಿಲೋಗೆ ಒಂದು ನಿಮಿಷದಷ್ಟು ಹೆಚ್ಚು. ಎಂಟು ಕಿಲೋದ ಬ್ಯಾಗ್ ಇಳಿಸಿದರೆ ಎಂಟೊಂಬತ್ತು ನಿಮಿಷ ಉಳಿಯಿತು, ಅದು ಖಂಡಿತ ಜೀಪಿಗೆ ಹೋಗಲಿ. ಆದರೆ ಇದೇ ಉತ್ಸಾಹದಲ್ಲಿ ಎರಡನೇ ನೀರಿನ ಬಾಟಲಿ, ಟ್ಯೂಬು, ಪಂಪು ಎಲ್ಲವನ್ನೂ ಜೀಪಿಗೆ ಎಸೆಯುವವರಿದ್ದಾರೆ. ಎರಡು ನಿಮಿಷದ ಆಸೆಗೆ ಒಂಬತ್ತನೇ ತಿರುವಿನಲ್ಲಿ ಪಂಕ್ಚರಾಗಿ ಅರ್ಧ ಗಂಟೆ ಜೀಪಿಗೆ ಕಾಯುವುದು ಯಾವ ಲೆಕ್ಕ? ನೀರು ಎರಡು ಬಾಟಲಿ, ಒಂದು ಟ್ಯೂಬು, ಟೈರ್ ಬಿಚ್ಚುವ ಎರಡು ಲಿವರ್, ಕೈಪಂಪು, ಮಳೆಕೋಟು, ಲೈಟು: ಇವಿಷ್ಟು ಸವಾರರ ಬಳಿಯೇ ಇರಬೇಕು.

ಜೀಪು ಕೊನೆಯ ಸವಾರರ ಹಿಂದೆ ತೆವಳುತ್ತ ಬರಲಿ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಘಾಟಿಯಲ್ಲಿ ಇದು ಕೆಟ್ಟ ಉಪಾಯ. ಗಂಟೆಗೆ 7 ಕಿ.ಮೀ. ಎಂದರೆ ಮೊದಲ ಗೇರಿನಲ್ಲೂ ಅರ್ಧ ಕ್ಲಚ್ ಒತ್ತಿಕೊಂಡೇ ಹೋಗಬೇಕಾದ ವೇಗ, ಮೇಲೆ ಮುಟ್ಟುವಷ್ಟರಲ್ಲಿ ಕ್ಲಚ್ ಪ್ಲೇಟ್ ಸುಟ್ಟ ವಾಸನೆ. ಹಿಂದಿನ ವಾಹನಗಳಿಗೆ ಸೈಕಲ್ ಕಾಣುವುದೇ ಇಲ್ಲ. ಜೀಪನ್ನು ಹಿಂದಿಕ್ಕಲು ಕುರುಡು ತಿರುವಿನಲ್ಲಿ ಬಲಕ್ಕೆ ನುಗ್ಗುತ್ತಾರೆ, ಎದುರಿಗೆ ಮಿನಿಬಸ್ಸು ಬಂದರೆ ಎಡಕ್ಕೆಳೆದು ಸೈಕಲ್ ಮೇಲೆ ಬರುತ್ತಾರೆ. ಸರಿಯಾದ ಕ್ರಮ ಹೀಗೆ: ಎಲ್ಲರೂ ಹೊರಡುವ ಮೊದಲೇ ಜೀಪು ಹೊರಟು, ಅರ್ಧ ದಾರಿಯಲ್ಲಿ ರಸ್ತೆ ಅಗಲವಿರುವ ಕಡೆ, ತಿರುವಿನ ಮೇಲಲ್ಲದೆ ಎರಡೂ ಕಡೆಯಿಂದ ಕಾಣುವ ಜಾಗದಲ್ಲಿ ನಿಲ್ಲಬೇಕು. ಕೊನೆಯವರು ದಾಟುವ ತನಕ ಅಲ್ಲೇ. ಆಮೇಲೆ ಮೇಲಕ್ಕೆ. ಮೊದಲು ಮುಟ್ಟಿದವರಿಗೆ ಮೇಲೆ ಹೋಟೆಲುಗಳಿವೆ, ಜೀಪು ಬೇಕಾಗಿಲ್ಲ. ಘಾಟಿಯಿಲ್ಲದ ಆಗುಂಬೆ–ತೀರ್ಥಹಳ್ಳಿಯಂಥ ಏರಿಳಿತದ ರಸ್ತೆಯಲ್ಲಿ 10–12 ಕಿ.ಮೀ. ಮುಂದೆ ಹೋಗಿ ಕಾಯುವ ಇದೇ ಕಪ್ಪೆ ಜಿಗಿತ ಸಾಕು.

ಕೊನೆಯ ಸವಾರ ಆಕಸ್ಮಿಕವಾಗಿ ಕೊನೆಯವನಾಗಬಾರದು. ಚೆನ್ನಾಗಿ ಹತ್ತಬಲ್ಲ, ರಿಪೇರಿ ಗೊತ್ತಿರುವ ಒಬ್ಬರಿಗೆ 'ಬಾಲ'ದ ಕೆಲಸ ವಹಿಸಬೇಕು, ಅವರ ಹಿಂದೆ ಯಾರೂ ಇರಕೂಡದು. ಜೀಪಿನಲ್ಲಿರುವವರು ಹೆಸರಿನ ಪಟ್ಟಿಯಲ್ಲಿ ಪ್ರತಿಯೊಬ್ಬರೂ ದಾಟಿದ ಹೊತ್ತನ್ನು ಪೆನ್ಸಿಲಿನಲ್ಲಿ ಬರೆದಿಡುವುದು ಹಳೆಯ ಕ್ರಮ, ಈಗಲೂ ಅದಕ್ಕಿಂತ ಒಳ್ಳೆಯದಿಲ್ಲ, ಏಕೆಂದರೆ ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. 446 ಮೆಗಾಹರ್ಟ್ಸ್‌ನ ಪರವಾನಗಿ ಬೇಡದ ವಾಕಿಟಾಕಿ ಬಳಸಬಹುದು. ಆದರೆ ಆ ತರಂಗಗಳು ಬಹುಮಟ್ಟಿಗೆ ನೇರ ದೃಷ್ಟಿಯಲ್ಲಿ ಸಾಗುವಂಥವು, ನಡುವೆ ಗುಡ್ಡದ ಮೂಗು ಅಡ್ಡ ಬಂದರೆ ಒಂದು ಕಿ.ಮೀ. ದೂರವೂ ಕೇಳಿಸದು. ಅರ್ಧ ದಾರಿಯಲ್ಲಿ ನಿಂತ ಜೀಪು ಮೇಲಿನ ಮಾತನ್ನು ಕೆಳಗೆ ದಾಟಿಸುವ ಕೊಂಡಿಯೂ ಆಗುತ್ತದೆ.

ನೀರು ಅಂದಾಜಿನ ಮೇಲೆ ತುಂಬಿಸಬೇಡಿ. ತಲೆಗೆ ಗಂಟೆಗೆ ಮುಕ್ಕಾಲು ಲೀಟರ್, ಆರು ಗಂಟೆ ಸವಾರಿ, ಹನ್ನೆರಡು ಮಂದಿ: 54 ಲೀಟರ್. 20 ಲೀಟರಿನ ಮೂರು ಕ್ಯಾನ್, ಗಾಯ ತೊಳೆಯಲು ಬೇರೆಯೇ 5 ಲೀಟರ್. ಕರಾವಳಿಯ ಸೆಕೆಯಲ್ಲಿ ಇನ್ನೂ ಹೆಚ್ಚು ಬೇಕಾದೀತು. ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ಬರೀ ನೀರನ್ನೇ ಗಟಗಟ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ನೋಡುವವರು ಅದನ್ನು ನಿರ್ಜಲೀಕರಣವೆಂದುಕೊಂಡು ಇನ್ನಷ್ಟು ನೀರು ಕುಡಿಸುವುದು ಅಪಾಯ. ಎರಡು ಬಾಟಲಿಯಲ್ಲಿ ಒಂದರಲ್ಲಿ ಓಆರ್‌ಎಸ್ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಲೀಟರಿನ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ದ್ರಾವಣ ಗಟ್ಟಿಯಾಗಿ ಹೊಟ್ಟೆ ತೊಳಸುತ್ತದೆ. ಇನ್ನೊಂದು ಮಾತು: 13.5 ಗ್ರಾಂ ಗ್ಲೂಕೋಸ್ ಎಂದರೆ 54 ಕಿಲೋಕ್ಯಾಲರಿ. ಓಆರ್‌ಎಸ್ ಊಟವಲ್ಲ.

ಊಟದ ವಿಷಯಕ್ಕೆ ಬಂದರೆ, ಕರುಳು ಗಂಟೆಗೆ ಸುಮಾರು 60 ಗ್ರಾಂ ಗ್ಲೂಕೋಸ್ ಹೀರಬಲ್ಲದು. ಫ್ರಕ್ಟೋಸ್ ಒಳಸೇರುವ ದಾರಿ ಬೇರೆ, ಎರಡೂ ಸೇರಿದರೆ 90 ಗ್ರಾಂವರೆಗೆ ಹೋಗಬಹುದು. ಬೆಲ್ಲ, ಸಕ್ಕರೆ, ಬಾಳೆಹಣ್ಣಿನಲ್ಲಿ ಎರಡೂ ಇವೆ, ದುಬಾರಿ ಜೆಲ್ ಪೊಟ್ಟಣಗಳಿಲ್ಲದೆಯೂ ಕೆಲಸ ನಡೆಯುತ್ತದೆ. ಬೆಲ್ಲದ ಅವಲಕ್ಕಿ, ಇಡ್ಲಿ, ಮಧ್ಯಾಹ್ನ ಮೊಸರನ್ನ. ಹಸಿವಾಗುವ ತನಕ ಕಾಯದೆ ಹೊರಟ ಅರ್ಧ ಗಂಟೆಯಿಂದಲೇ ಸ್ವಲ್ಪಸ್ವಲ್ಪ ತಿನ್ನಬೇಕು. ಹೆಬ್ರಿಯಲ್ಲಿ ಬಿಸಿ ಬನ್ಸ್, ಗೋಳಿಬಜೆ ಕಂಡರೆ ತಡೆದುಕೊಳ್ಳುವುದು ಕಷ್ಟ, ನಿಜ. ಆದರೆ ಎಣ್ಣೆ ಜಠರದಲ್ಲಿ ತಂಗಿರುತ್ತದೆ, ಹತ್ತುವಾಗ ರಕ್ತವೆಲ್ಲ ಕಾಲಿಗೆ ಹರಿದಿರುತ್ತದೆ. ಅವನ್ನು ಕಟ್ಟಿಸಿಕೊಂಡು ಜೀಪಿನಲ್ಲಿಡಿ, ಮೇಲೆ ತಿನ್ನಬಹುದು.

ಗೇರಿನ ವಿಚಾರ ಮನೆಯಲ್ಲೇ ಮುಗಿಸಿಕೊಂಡು ಬರಬೇಕಾದದ್ದು. ಮುಂದೆ 34, ಹಿಂದೆ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದು ಸುತ್ತು, ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7.5 ಕಿ.ಮೀ. ಹಿಂದಿನ ದೊಡ್ಡ ಹಲ್ಲುಚಕ್ರ 28ರದ್ದಾದರೆ 7 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 46 ಸುತ್ತು, ಪ್ರತಿ ತುಳಿತವೂ ಮಂಡಿಗೆ ಭಾರ. ಹಲವು ದಿನಗಳ ಸವಾರಿಯಲ್ಲಿ ಮೂರನೇ ದಿನ ಜೀಪು ಹತ್ತಿ ಕೂರುವವರು ಹೆಚ್ಚಾಗಿ ಈ ಗುಂಪಿನವರೇ.

ರಿಪೇರಿ ಪೆಟ್ಟಿಗೆಯಲ್ಲಿ ಸಾಮಾನು ಎಷ್ಟಿದೆ ಎನ್ನುವುದಕ್ಕಿಂತ ಹನ್ನೆರಡು ಸೈಕಲ್‌ಗೂ ಹೊಂದುತ್ತದೆಯೇ ಎನ್ನುವುದು ಮುಖ್ಯ. ಹೊರಡುವ ವಾರದ ಮೊದಲು ಪ್ರತಿ ಸೈಕಲ್‌ನ ಟೈರ್ ಅಳತೆ, ವಾಲ್ವ್ ಬಗೆ, ಎಷ್ಟು ಸ್ಪೀಡಿನ (ಎಂದರೆ ಹಿಂದೆ ಎಷ್ಟು ಹಲ್ಲುಚಕ್ರದ) ಚೈನು, ಯಾವ ಬ್ರೇಕ್ ಪ್ಯಾಡ್ ಎಂದು ಪಟ್ಟಿ ಮಾಡಿಸಿ. 11 ಸ್ಪೀಡಿನ ಚೈನಿಗೆ ಚೈನಿನ ತುದಿಗಳನ್ನು ಜೋಡಿಸುವ 9ರ ಕ್ವಿಕ್ ಲಿಂಕ್ ಕೂರದು. ಗೇರ್ ಬದಲಿಸುವ ಹಿಂದಿನ ಡಿರೇಲರ್ ತೂಗುವ ಹ್ಯಾಂಗರ್ ಎಂಬ ಪುಟ್ಟ ಅಲ್ಯುಮಿನಿಯಂ ತುಂಡನ್ನು ಫ್ರೇಮ್ ಉಳಿಯಲೆಂದು ಬೇಕಂತಲೇ ಮೆತ್ತಗೆ ಮಾಡಿರುತ್ತಾರೆ. ಒಂದೊಂದು ಮಾದರಿಗೆ ಒಂದೊಂದು ಆಕಾರ, ತಾಲೂಕು ಕೇಂದ್ರದ ಸೈಕಲ್ ಅಂಗಡಿಯಲ್ಲಿ ಸಿಗುವುದು ದುರ್ಲಭ. ಪ್ರತಿಯೊಬ್ಬರೂ ತಮ್ಮದೊಂದು ತಂದಿರಲಿ. ಅದು ಬಾಗುವುದು ಬಿದ್ದಾಗಷ್ಟೇ ಅಲ್ಲ, ಸೈಕಲನ್ನು ಬಲಮಗ್ಗುಲಿಗೆ ಮಲಗಿಸಿ ಜೀಪಿಗೆ ತುಂಬಿದಾಗಲೂ. ಗೇರಿನ ಕಡೆ ಯಾವಾಗಲೂ ಮೇಲೆ.

ಪಂಕ್ಚರಾದ ಟ್ಯೂಬನ್ನು ಓದಬೇಕು. ಅಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಕಡಿಮೆಯಿತ್ತು, ಗುಂಡಿಯ ಅಂಚಿಗೂ ರಿಮ್‌ಗೂ ನಡುವೆ ಟ್ಯೂಬು ಸಿಕ್ಕಿಕೊಂಡಿದೆ. ಒಂದೇ ತೂತಾದರೆ ಮುಳ್ಳೋ ತಂತಿಯೋ ಇನ್ನೂ ಟೈರಿನೊಳಗೇ ಇರಬಹುದು, ಹತ್ತಿಯುಂಡೆ ಸವರಿದರೆ ಸಿಕ್ಕಿಹಾಕಿಕೊಂಡು ಜಾಗ ತೋರಿಸುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬು ಹಾಕಿದರೆ ಎರಡು ಕಿ.ಮೀ. ಮುಂದೆ ಮತ್ತೆ ಅದೇ ಕತೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಿಂದ ತುಂಬಿಸಿದ ಗಾಳಿ ರಬ್ಬರಿನ ಮೂಲಕ ಬೇಗ ಸೋರುತ್ತದೆ, ಸಂಜೆ ಪಂಪಿನಿಂದ ಮತ್ತೆ ತುಂಬಬೇಕು.

ಮಾಸ್ತಿಕಟ್ಟೆಯ ಮೇಲಿಂದ ಬಾಳೆಬರೆ ಘಾಟಿ ಇಳಿದು ಹೊಸಂಗಡಿಗೆ ಬರುವವರಿಗೆ ಹತ್ತುವಾಗಿನ ಲೆಕ್ಕ ತಿರುಗಿ ಬರುತ್ತದೆ. ಪ್ರತಿ 500 ಮೀಟರ್ ಇಳಿಜಾರಿಗೆ 392 ಕಿಲೋಜೂಲ್ ಗಾಳಿಗೋ ಬ್ರೇಕಿಗೋ ಹೋಗಲೇಬೇಕು. ರಿಮ್ ಬ್ರೇಕ್ ಇರುವ ಅರ್ಧರ್ಧ ಕಿಲೋದ ಎರಡು ಅಲ್ಯುಮಿನಿಯಂ ರಿಮ್‌ಗಳಿಗೇ ಅದಿಷ್ಟೂ ಹೋಗಿ ಒಂಚೂರೂ ತಣಿಯದಿದ್ದರೆ ಬಿಸಿ 400 ಡಿಗ್ರಿಗೂ ಹೆಚ್ಚು ಏರುತ್ತಿತ್ತು. ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿಯುವ ಹೆದರಿಕೆಯ ಸವಾರರಿಗೇ ಅಪಾಯ ಹೆಚ್ಚು: ಗಾಳಿ ಹೊರಬೇಕಾದ ಪಾಲು ರಿಮ್‌ಗೆ ಬೀಳುತ್ತದೆ, ತಣ್ಣಗಾಗಲು ಬಿಡುವೂ ಸಿಗದು, ಟ್ಯೂಬು ಸಿಡಿಯುವುದು ಆಗಲೇ. ತಿರುವಿಗೆ ಮೊದಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಬೇಕು. ಕಿರಿದಾದ ಕಡೆ ಏರಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಎಂಬುದು ರಸ್ತೆ ನಿಯಮ, ಸೈಕಲಿನವರೂ ಅದನ್ನೇ ಪಾಲಿಸಬೇಕು. ಮಳೆ ನಿಂತ ಮೇಲೂ ನೆರಳಿನ ತಿರುವುಗಳಲ್ಲಿ ಪಾಚಿ, ಕೊಳೆತ ಎಲೆ ಉಳಿದಿರುತ್ತವೆ. ಹತ್ತಿ ಬೆವರಿದ ಅಂಗಿಯಲ್ಲೇ ಇಳಿದರೆ ಗಾಳಿಗೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗದು, ಜೀಪಿನಲ್ಲಿ ಹಳೆಯ ದಿನಪತ್ರಿಕೆಗಳಿರಲಿ, ಅಂಗಿಯೊಳಗೆ ಎದೆಗೆ ಒಂದು ಪದರ ಸೇರಿಸಿದರೆ ಸಾಕು.

ಇಳಿಯುವಾಗ ಜೀಪು ಬಾಲದವರ ಹಿಂದೆ ಬರಬೇಕು. ಹತ್ತುವಾಗ ಯಾರಾದರೂ ನಿಂತರೆ ಸುಸ್ತಾಗಿರುತ್ತದೆ, ಇಳಿಯುವಾಗ ನಿಂತರೆ ಬಿದ್ದಿರುತ್ತಾರೆ. ಚಾಲಕರು ಎರಡನೇ ಗೇರಿನಲ್ಲಿ ಎಂಜಿನ್ನಿಗೇ ತಡೆಯಲು ಬಿಟ್ಟು, ಬ್ರೇಕನ್ನು ಉಳಿಸಿಕೊಂಡು ಬರಬೇಕು. ಬಿದ್ದವರ ಹೆಲ್ಮೆಟ್ ಸೀಳಿದ್ದರೆ, ವಾಂತಿಯಾದರೆ, ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರೆ ಅವರು ಎಷ್ಟೇ 'ಪರವಾಗಿಲ್ಲ' ಎಂದರೂ ಸೈಕಲ್ ಹತ್ತಿಸಬಾರದು. ಸಿಗ್ನಲ್ ಇದ್ದರೆ 108, ಇಲ್ಲದಿದ್ದರೆ ಜೀಪಿನಲ್ಲೇ ಹತ್ತಿರದ ತಾಲೂಕು ಆಸ್ಪತ್ರೆಗೆ. ಅದು ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಬೆಳಿಗ್ಗೆಯೇ ಚಾಲಕರಿಗೆ ಬರೆದುಕೊಟ್ಟಿರಬೇಕು.