ರಕ್ತ ಕೆಟ್ಟಿಲ್ಲ, ಕರೆ ನಿಂತಿಲ್ಲ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಮೊಣಕೈ, ಮಂಡಿ, ತಲೆಯಲ್ಲೆಲ್ಲ ದಪ್ಪ ಕೆಂಪು ಕಲೆ, ಅದರ ಮೇಲೆ ಬೆಳ್ಳಗಿನ ಹೊಟ್ಟು. ಪರೀಕ್ಷೆಗೆಂದು ಎದ್ದವರು ಹೆಗಲ ಮೇಲಿನ ಟವೆಲ್ಲಿನಿಂದ ತಾವು ಕೂತಿದ್ದ ಕುರ್ಚಿ ಒರೆಸಿದರು. ಮನೆಯಲ್ಲಿ ಅವರ ತಟ್ಟೆ, ಲೋಟ ಬೇರೆಯಂತೆ. "ರಕ್ತ ಕೆಟ್ಟಿದೆ ಅಂತಾರೆ ಡಾಕ್ಟ್ರೇ, ಹೌದಾ?" ಗ್ಲೌಸ್ ಹಾಕದೆಯೇ ಅವರ ಮೊಣಕೈ ಹಿಡಿದು ನೋಡಿದೆ.

ಇದು ಸೋರಿಯಾಸಿಸ್. ಅಂಟುವ ಕಾಯಿಲೆಯಲ್ಲ, ಕೊಳೆಯಿಂದ ಬಂದದ್ದೂ ಅಲ್ಲ. ನಮ್ಮ ರೋಗನಿರೋಧಕ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸಣ್ಣ ಪ್ರೋಟೀನುಗಳನ್ನು ಬಿಡುತ್ತವೆ, ಅವೇ ಸೈಟೊಕೈನ್‌ಗಳು. ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ ಊದುವುದು ಇವುಗಳ ಕರೆಯಿಂದಲೇ. ಕೆಲಸ ಮುಗಿದ ಮೇಲೆ ಕರೆ ನಿಲ್ಲಬೇಕು. ಸೋರಿಯಾಸಿಸ್‌ನಲ್ಲಿ ನಿಲ್ಲುವುದಿಲ್ಲ. ಇಂಟರ್‌ಲ್ಯೂಕಿನ್-23 ಎಂಬ ಸೈಟೊಕೈನ್ ರೋಗನಿರೋಧಕ ಕೋಶಗಳಲ್ಲೇ ಒಂದು ಬಗೆಯಾದ ಟಿ ಕೋಶಗಳಲ್ಲಿ ಕೆಲವನ್ನು ಕೆರಳಿಸುತ್ತದೆ, ಅವು ಇಂಟರ್‌ಲ್ಯೂಕಿನ್-17 ಸುರಿಸುತ್ತವೆ. ಅದು ತಾಗಿದ ಚರ್ಮದ ಕೋಶಗಳು ಎಡೆಬಿಡದೆ ಹೆಚ್ಚುತ್ತವೆ, ಜೊತೆಗೆ ತಾವೂ ಉರಿಯೂತದ ಕೋಶಗಳನ್ನು ಕೂಗಿ ಕರೆಯುತ್ತವೆ. ಚರ್ಮದ ಹೊಸ ಕೋಶ ಮೇಲೆ ಬಂದು ಉದುರಲು ಸುಮಾರು 1 ತಿಂಗಳು ಬೇಕು. ಇಲ್ಲಿ 3ರಿಂದ 5 ದಿನಕ್ಕೇ ಮೇಲೆ ಬಂದುಬಿಡುತ್ತದೆ. ಬಲಿಯುವ ಮೊದಲೇ ಉದುರಿದ ಆ ಚರ್ಮವೇ ಕುರ್ಚಿಯ ಮೇಲಿನ ಹೊಟ್ಟು.

ತುರಿಕೆಯ ಇನ್ನೊಂದು ಚರ್ಮರೋಗವಾದ ಎಕ್ಜಿಮಾದಲ್ಲಿ ಮಾತಾಡುವ ಪ್ರೋಟೀನುಗಳು ಬೇರೆ: ಮುಖ್ಯವಾಗಿ ಇಂಟರ್‌ಲ್ಯೂಕಿನ್-4 ಮತ್ತು 13. ಇಂಟರ್‌ಲ್ಯೂಕಿನ್-31 ನೇರ ನರಕ್ಕೇ ತಾಗಿ ತುರಿಕೆ ಎಬ್ಬಿಸುತ್ತದೆ. ಅಲರ್ಜಿ ಮಾತ್ರೆ ನುಂಗಿದರೂ ಆ ತುರಿಕೆ ಅಡಗದಿರಲು ಇದೂ ಒಂದು ಕಾರಣ.

ಸೋರಿಯಾಸಿಸ್‌ಗೆ ಈಗ ಇಂಟರ್‌ಲ್ಯೂಕಿನ್-17 ಅಥವಾ 23ನ್ನು ಮಾತ್ರ ಹಿಡಿದು ಕಟ್ಟಿಹಾಕುವ ಇಂಜೆಕ್ಷನ್‌ಗಳಿವೆ. ದುಬಾರಿ, ಕೊಡುವ ಮೊದಲು ಒಳಗೆ ಟಿ.ಬಿ. ಅಡಗಿದೆಯೇ ಎಂದು ನೋಡಲೇಬೇಕು. ಎಲ್ಲರಿಗೂ ಅವು ಬೇಕಿಲ್ಲ. ಮುಲಾಮು, ಬೆಳಕಿನ ಚಿಕಿತ್ಸೆ, ಮೆಥೊಟ್ರೆಕ್ಸೇಟ್ ಮಾತ್ರೆಗಳಲ್ಲೇ ಅನೇಕರು ಸುಧಾರಿಸುತ್ತಾರೆ. ಆ ಮಾತ್ರೆ ವಾರಕ್ಕೆ 1 ದಿನ ಮಾತ್ರ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಹಾಗಾಗಿ ಚೀಟಿಯಲ್ಲಿ ವಾರದ ಹೆಸರನ್ನೇ ದೊಡ್ಡದಾಗಿ ಬರೆಯುತ್ತೇನೆ.

ನನಗೆ ಸಿಟ್ಟು ಬರುವುದು ಸ್ಟೀರಾಯ್ಡ್ ಇಂಜೆಕ್ಷನ್ ವಿಷಯದಲ್ಲಿ. ಈ ಬೆಳೆಗಾರರಿಗೂ ಎಲ್ಲೋ ಎರಡು ಸಲ ಹಾಕಿದ್ದರು. ಅದು ಎಲ್ಲ ಕರೆಯನ್ನೂ ಒಮ್ಮೆಗೇ ಅಡಗಿಸುತ್ತದೆ, ಚರ್ಮ ವಾರದಲ್ಲಿ ತಿಳಿಯಾಗುತ್ತದೆ. ಔಷಧ ಇಳಿದ ಮೇಲೆ ಕಾಯಿಲೆ ದುಪ್ಪಟ್ಟಾಗಿ ಮರಳಬಹುದು. ಕೆಲವರಿಗೆ ಮೈತುಂಬ ಕೀವುಗುಳ್ಳೆ, ಜ್ವರ.

ಬೆರಳು ಹೇಗಿವೆ ಎಂದು ಕೇಳಿದೆ. "ಬೆಳಗ್ಗೆ ಎದ್ದ ಕೂಡಲೇ ಮಡಚೋಕೆ ಆಗಲ್ಲ. ಅಡಿಕೆ ಸುಲಿದು ಸುಲಿದು ಹಿಂಗಾಗಿದೆ ಅಂದ್ಕೊಂಡಿದ್ದೆ." ಉಗುರಿನ ಮೇಲೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳಿದ್ದವು. ಅದೇ ಪ್ರೋಟೀನುಗಳು ಕೀಲುಗಳಲ್ಲೂ ಉರಿಯೂತ ಎಬ್ಬಿಸುತ್ತವೆ. ತಡಮಾಡಿದರೆ ಬೆರಳು ಸೊಟ್ಟಗಾಗಬಹುದು. ಕೈಯ ಎಕ್ಸ್‌ರೇ ಬರೆದುಕೊಟ್ಟೆ. ಹೊರಗೆ ಕೂತಿದ್ದ ಅವರ ಹೆಂಡತಿಯನ್ನು ಒಳಗೆ ಕರೆದು ತಟ್ಟೆ, ಲೋಟದ ವಿಷಯವನ್ನೂ ಮಾತಾಡಿದೆ.