ಕಿಟ್ ಡಬ್ಬದಲ್ಲಿ ಸಿಗದ ಬಣ್ಣಗಳು: ನೌಕಾ ಜೆಟ್ ಮಾಡೆಲ್‌ಗಳ ಡೆಕಾಲ್ ಬೆಳೆದು ಬಂದ ಬಗೆ

ಅಮೆರಿಕದ ನೌಕಾಪಡೆಯ ಯುದ್ಧ ಜೆಟ್ ಎಫ್-14 ಟಾಮ್‌ಕ್ಯಾಟ್‌ನ ಮಾಡೆಲ್ ಕಿಟ್ ತೆರೆದರೆ ಪ್ಲಾಸ್ಟಿಕ್ ಭಾಗಗಳ ಜೊತೆ ಒಂದು ಡೆಕಾಲ್ ಹಾಳೆ, ಅಂದರೆ ನೀರಲ್ಲಿ ನೆನೆಸಿ ಮಾಡೆಲ್ ಮೇಲೆ ಅಂಟಿಸುವ ಗುರುತುಗಳ ಹಾಳೆ, ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಎರಡೋ ಮೂರೋ ವಿಮಾನಗಳ ಗುರುತುಗಳು ಇರುತ್ತವೆ, ಅಷ್ಟೇ. ಆದರೆ ನಿಜವಾದ ಟಾಮ್‌ಕ್ಯಾಟ್ 1974ರಲ್ಲಿ ಎಂಟರ್‌ಪ್ರೈಸ್ ಎಂಬ ವಿಮಾನವಾಹಕ ನೌಕೆಯ ಮೇಲೆ ಮೊದಲ ಯಾನಕ್ಕೆ ಹೊರಟು, 2006ರಲ್ಲಿ ಅಮೆರಿಕದ ನೌಕಾಪಡೆಯಿಂದ ನಿವೃತ್ತಿಯಾಯಿತು. ಅಷ್ಟು ವರ್ಷಗಳಲ್ಲಿ ಹತ್ತಾರು ಸ್ಕ್ವಾಡ್ರನ್‌ಗಳು (ವಿಮಾನಗಳ ತುಕಡಿಗಳು) ಅದನ್ನು ಹಾರಿಸಿದವು. ಅವೆಲ್ಲ ಒಂದು ಹಾಳೆಯಲ್ಲಿ ಹಿಡಿಸುವ ಮಾತೇ ಇಲ್ಲ. ಈ ಕೊರತೆ ತುಂಬಲು ಹುಟ್ಟಿದ್ದೇ ಆಫ್ಟರ್‌ಮಾರ್ಕೆಟ್ ಡೆಕಾಲ್. ಕಿಟ್ ಮಾಡುವವರು ಒಬ್ಬರು, ಬರೀ ಡೆಕಾಲ್ ಅಚ್ಚು ಹಾಕಿಸಿ ಮಾರುವವರು ಇನ್ನೊಬ್ಬರು.

ವಾಯುಪಡೆಯ ವಿಮಾನಗಳಿಗೂ ಇಂಥ ಹಾಳೆಗಳು ಬರುತ್ತವೆ. ಆದರೂ ನೌಕಾಪಡೆಯ ಜೆಟ್‌ಗಳ ಮೇಲೆ ಹವ್ಯಾಸಿಗಳಿಗೆ ಮೋಹ ಜಾಸ್ತಿ. ಅದಕ್ಕೆ ಕಾರಣ ನೌಕಾಪಡೆಯ ಪದ್ಧತಿಯಲ್ಲೇ ಇದೆ. ಅಮೆರಿಕದ ನೌಕೆಯ ಮೇಲಿನ ಪ್ರತಿ ವಿಮಾನದ ಬಾಲದಲ್ಲಿ ಎರಡಕ್ಷರದ ಸಂಕೇತ ಇರುತ್ತದೆ. ಮೊದಲ ಅಕ್ಷರ ಎ ಆದರೆ ಅಟ್ಲಾಂಟಿಕ್ ಪಡೆ, ಎನ್ ಆದರೆ ಪೆಸಿಫಿಕ್ ಪಡೆ. ಮೂಗಿನ ಬಳಿ ಮೂರಂಕಿಯ ಸಂಖ್ಯೆ ಇರುತ್ತದೆ, ಅದನ್ನು ಮೋಡೆಕ್ಸ್ ಅಂತಾರೆ. ನೌಕೆಯ ಮೊದಲ ಸ್ಕ್ವಾಡ್ರನ್‌ಗೆ 100ರ ಸಾಲು, ಎರಡನೆಯದಕ್ಕೆ 200ರ ಸಾಲು, ಹೀಗೆ ಮುಂದಕ್ಕೆ. ಸ್ಕ್ವಾಡ್ರನ್ ಬೇರೆ ಪಡೆಗೆ ಸೇರಿದರೆ ಬಾಲದ ಅಕ್ಷರ ಬದಲಾಗುತ್ತದೆ. ವಿಮಾನ ಬೇರೆ ಸ್ಕ್ವಾಡ್ರನ್‌ಗೆ ಹೋದರೆ ಎಲ್ಲವೂ ಬದಲು. ಹಾಗಾಗಿ ಇಲ್ಲಿ 'ಯಾವ ವಿಮಾನ' ಅಂತ ಕೇಳಿದರೆ ಸಾಲದು. ಯಾವ ನೌಕೆ, ಯಾವ ವರ್ಷದ ಯಾನ ಅಂತಲೂ ಕೇಳಬೇಕು.

ಬಣ್ಣದ ಕಥೆ ಶುರುವಾಗುವುದು 1955ರಲ್ಲಿ. ಅಲ್ಲಿಯವರೆಗೆ ಅಮೆರಿಕದ ನೌಕಾ ವಿಮಾನಗಳು ಮೈಯೆಲ್ಲ ಹೊಳೆಯುವ ಕಡುನೀಲಿ. ಆ ವರ್ಷ ಮೇಲ್ಭಾಗಕ್ಕೆ ತಿಳಿ ಬೂದು, ಕೆಳಭಾಗಕ್ಕೆ ಬಿಳಿ ಎಂಬ ಹೊಸ ಕ್ರಮ ಬಂತು. ಆ ತಿಳಿ ಮೈಮೇಲೆ ಯಾವ ಬಣ್ಣ ಬಳಿದರೂ ಎದ್ದು ಕಾಣುತ್ತಿತ್ತು. ಸ್ಕ್ವಾಡ್ರನ್‌ಗಳು ಅದನ್ನು ಚೆನ್ನಾಗಿಯೇ ಬಳಸಿಕೊಂಡವು. ಸನ್‌ಡೌನರ್ಸ್ ಎಂಬ ಅಡ್ಡಹೆಸರಿನ ವಿಎಫ್-111 ಸ್ಕ್ವಾಡ್ರನ್‌ನ ಫ್ಯಾಂಟಮ್ ಜೆಟ್‌ಗಳ ಮೂಗಿಗೆ ಶಾರ್ಕ್ ಬಾಯಿ ಬಂತು. ವಿಎಫ್-84 ಜಾಲಿ ರೋಜರ್ಸ್ ಟಾಮ್‌ಕ್ಯಾಟ್‌ಗಳ ಬಾಲ ಪೂರ್ತಿ ಕಪ್ಪಾಗಿ, ಅದರ ಮೇಲೆ ತಲೆಬುರುಡೆ ಮತ್ತು ಅಡ್ಡ ಎಲುಬು ಕೂತವು. ನನ್ನ ಪ್ರಕಾರ ಮಿಲಿಟರಿ ವಿಮಾನಗಳಿಗೆ ಇಷ್ಟು ಚೆಂದದ ಕಾಲ ಇನ್ನೊಂದು ಬಂದಿಲ್ಲ.

ಆಗಿನ ಕಿಟ್‌ಗಳ ಡೆಕಾಲ್ ಈ ಚೆಂದಕ್ಕೆ ನ್ಯಾಯ ಒದಗಿಸುತ್ತಿರಲಿಲ್ಲ. ದಪ್ಪಗೆ ಇರುತ್ತಿದ್ದವು. ಬಿಳಿಯ ಮೇಲೆ ಕೆಂಪು ಸರಿಯಾಗಿ ಕೂರದೆ ಪಕ್ಕಕ್ಕೆ ಜರುಗಿರುತ್ತಿತ್ತು. ನಿಂತಲ್ಲೇ ಹಳದಿಯಾಗುತ್ತಿದ್ದವು. 1970ರ ದಶಕದಲ್ಲಿ ಅಮೆರಿಕದ ಮೈಕ್ರೋಸ್ಕೇಲ್ ಕಂಪನಿಯ ಹಾಳೆಗಳು ಇದನ್ನು ಬದಲಾಯಿಸಿದವು. ಗುರುತನ್ನು ಹೊತ್ತ ಪಾರದರ್ಶಕ ಪೊರೆ ತೆಳು, ಬಣ್ಣ ಗಟ್ಟಿ. ಜೊತೆಗೆ ಮೈಕ್ರೋ ಸೆಟ್, ಮೈಕ್ರೋ ಸಾಲ್ ಎಂಬ ಎರಡು ದ್ರವಗಳು. ಮೊದಲನೆಯದು ಡೆಕಾಲ್ ಅಂಟಲು ಮೇಲ್ಮೈಯನ್ನು ಸಿದ್ಧ ಮಾಡುತ್ತದೆ. ಎರಡನೆಯದು ಪೊರೆಯನ್ನೇ ಮೆತ್ತಗೆ ಮಾಡಿ ಗೆರೆ, ರಿವೆಟ್‌ಗಳೊಳಗೆ ಇಳಿಸುತ್ತದೆ. ಈ ಕಂಪನಿಯ ವಿಮಾನ ಹಾಳೆಗಳೇ ಮುಂದೆ ಸೂಪರ್‌ಸ್ಕೇಲ್ ಹೆಸರಲ್ಲಿ ಬಂದವು. ಹಳೆಯ ಹವ್ಯಾಸಿಗಳ ಕಪಾಟಿನಲ್ಲಿ ಇವತ್ತಿಗೂ ಅವು ಸಿಗುತ್ತವೆ.

ಇಷ್ಟೆಲ್ಲ ಆಗುವ ಹೊತ್ತಿಗೆ ನೌಕಾಪಡೆಗಳೇ ಬಣ್ಣ ಒರೆಸಲು ಶುರು ಮಾಡಿದವು. ದೂರದಿಂದ ಶತ್ರುವಿನ ಕಣ್ಣಿಗೆ ಬೀಳಬಾರದು ಅಂದರೆ ಹೊಳಪೂ ಇರಬಾರದು, ಬಣ್ಣವೂ ಇರಬಾರದು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬದಲಾವಣೆ ಆರಂಭವಾಗಿ, 1980ರ ದಶಕದಲ್ಲಿ ಮಂಕು ಬೂದು ಎಲ್ಲ ಕಡೆ ಹರಡಿತು. ಸ್ಕ್ವಾಡ್ರನ್ ಲಾಂಛನ, ರಾಷ್ಟ್ರದ ನಕ್ಷತ್ರ, ಎಚ್ಚರಿಕೆಯ ಬರಹ ಎಲ್ಲವೂ ಬೂದಿನ ಮೇಲೆ ಬೂದು.

ಬ್ರಿಟನ್ನಿನಲ್ಲಿ ಇದೇ ಬದಲಾವಣೆ ಯುದ್ಧದ ಅವಸರದಲ್ಲಿ ಆಯಿತು. ಅಲ್ಲಿನ 892 ಸ್ಕ್ವಾಡ್ರನ್ನಿನ ಫ್ಯಾಂಟಮ್‌ಗಳ ಬಾಲದಲ್ಲಿ ಗ್ರೀಕ್ ಲಿಪಿಯ ಕೊನೆಯ ಅಕ್ಷರ ಒಮೆಗಾ ಇತ್ತು. ನೌಕಾಪಡೆಯ ಕೊನೆಯ ಜೆಟ್ ಸ್ಕ್ವಾಡ್ರನ್ ಇದೇ ಎಂಬ ನಂಬಿಕೆಯಿಂದ ಆರಿಸಿದ ಗುರುತು ಅದು. ಆರ್ಕ್ ರಾಯಲ್ ನೌಕೆ ನಿವೃತ್ತಿಯಾದ ಮೇಲೆ ಸೀ ಹ್ಯಾರಿಯರ್ ಎಂಬ ಹೊಸ ಜೆಟ್ ಬಂದು ಆ ನಂಬಿಕೆ ಸುಳ್ಳಾಯಿತು. ಸೀ ಹ್ಯಾರಿಯರ್‌ಗಳು ಮೊದಲು ಮೇಲೆ ಕಡು ಬೂದು, ಕೆಳಗೆ ಬಿಳಿ ಇದ್ದವು. 1982ರಲ್ಲಿ ಅರ್ಜೆಂಟೀನಾ ಜೊತೆಗಿನ ಯುದ್ಧಕ್ಕೆ ಫಾಕ್‌ಲ್ಯಾಂಡ್ಸ್ ದ್ವೀಪಗಳ ಕಡೆಗೆ ಹೊರಟಾಗ ಬಿಳಿ ಹೊಟ್ಟೆಗೆ ಹಡಗಿನ ಮೇಲೆಯೇ ಕಡು ಬೂದು ಬಳಿದರು. ವೃತ್ತಾಕಾರದ ರಾಷ್ಟ್ರ ಗುರುತಿನಲ್ಲಿದ್ದ ಬಿಳಿ ಉಂಗುರವನ್ನೂ ಮುಚ್ಚಿಬಿಟ್ಟರು. ಯುದ್ಧಕ್ಕೆಂದು ಮತ್ತೆ ಕಟ್ಟಿದ 809 ಸ್ಕ್ವಾಡ್ರನ್ನಿನ ವಿಮಾನಗಳು ಮಾತ್ರ ಬೇರೆಯದೇ ತಿಳಿ ಬೂದು. ಕೆಲವೇ ವಾರಗಳಲ್ಲಿ ಒಂದೇ ಮಾದರಿಯ ವಿಮಾನಕ್ಕೆ ಮೂರು ರೂಪ ಬಂತು. ಕಿಟ್ ಡಬ್ಬದ ಒಂದು ಹಾಳೆ ಇದಕ್ಕೆಲ್ಲ ಎಲ್ಲಿ ಸಾಕಾಗುತ್ತದೆ?

ಬಣ್ಣ ಹೋದರೆ ಡೆಕಾಲ್ ಮಾಡುವವರ ಕೆಲಸ ಸುಲಭವಾಯಿತು ಅಂತ ಅನ್ನಿಸಬಹುದು. ಆಗಿದ್ದು ಉಲ್ಟಾ. ಕೆಂಪು ಸ್ವಲ್ಪ ಹೆಚ್ಚುಕಮ್ಮಿ ಆದರೆ ಯಾರಿಗೂ ಗೊತ್ತಾಗಲ್ಲ. ಬೂದು ಹಾಗಲ್ಲ. ಅಮೆರಿಕದ ಹೊಸ ಕ್ರಮದಲ್ಲಿ ತಿಳಿ ಬೂದಿನ ಮೇಲೆ ಗುರುತು ಕಡು ಬೂದು, ಕಡು ಬೂದಿನ ಮೇಲೆ ಗುರುತು ತಿಳಿ ಬೂದು. ಅಚ್ಚಿನ ಶಾಯಿಯ ಬೂದು, ಹವ್ಯಾಸಿಯ ಬಾಟಲಿಯ ಬೂದಿಗೆ ಹೊಂದಬೇಕು. ಶಾಯಿ ಸ್ವಲ್ಪ ಕಡುವಾದರೆ ಮಂಕಾಗಿರಬೇಕಾದ ಲಾಂಛನ ಕೂಗಿ ಕರೆದಂತೆ ಕಾಣುತ್ತದೆ. ಸ್ವಲ್ಪ ತಿಳಿಯಾದರೆ ಮಾಯ. ಇನ್ನು ನೌಕೆಯ ಮೇಲಿನ ನಿಜವಾದ ವಿಮಾನ? ಉಪ್ಪುಗಾಳಿಗೆ ತುಕ್ಕು ಹಿಡಿದಲ್ಲೆಲ್ಲ ಸಿಬ್ಬಂದಿ ತೇಪೆ ಬಳಿಯುತ್ತಾರೆ. ಕೈಗೆ ಸಿಕ್ಕ ಬೂದು, ಸಿಕ್ಕ ಜಾಗಕ್ಕೆ. ಯಾನ ಮುಗಿಯುವ ಹೊತ್ತಿಗೆ ಒಂದೇ ಸಾಲಿನ ಎರಡು ವಿಮಾನಗಳು ಒಂದೇ ಥರ ಇರುವುದಿಲ್ಲ. ಒಂದೇ ವಿಮಾನದ ಎಡ ಬಲವೂ ಕೆಲವೊಮ್ಮೆ ಬೇರೆ. ಇದನ್ನೆಲ್ಲ ಫೋಟೋ ನೋಡಿ ನೋಡಿ ಹಿಡಿಯುವವರ ತಾಳ್ಮೆ ದೊಡ್ಡದು. ಒಳ್ಳೆಯ ಹಾಳೆಯ ಬೆಲೆಯಲ್ಲಿ ಕಾಗದ, ಶಾಯಿಗಿಂತ ಈ ದುಡಿಮೆಯ ಪಾಲೇ ಹೆಚ್ಚು ಅಂತ ನನಗೆ ಅನಿಸುತ್ತದೆ.

ಮಂಕು ಬಣ್ಣದ ಇನ್ನೊಂದು ತೊಂದರೆ ಮೇಲ್ಮೈಯದು. ಮ್ಯಾಟ್ ಬಣ್ಣ ಸೂಕ್ಷ್ಮವಾಗಿ ಒರಟು. ಡೆಕಾಲ್ ಪೊರೆಯ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿನುಗುತ್ತದೆ. ಹಾಗಾಗಿ ಮೊದಲು ಹೊಳಪಿನ ವಾರ್ನಿಷ್, ಮೇಲೆ ಡೆಕಾಲ್, ಕೊನೆಗೆ ಮತ್ತೆ ಮ್ಯಾಟ್ ವಾರ್ನಿಷ್. ಸುಮ್ನೆ ಒಂದು ಅಂಕಿ ನೋಡಿ: ನಿಜವಾದ ವಿಮಾನದ ಮೇಲಿನ ಒಂದು ಇಂಚು ಎತ್ತರದ ಎಚ್ಚರಿಕೆ ಅಕ್ಷರ 1/72 ಅಳತೆಯಲ್ಲಿ, ಅಂದರೆ ನಿಜ ಗಾತ್ರದ 72ನೇ ಒಂದು ಭಾಗದ ಮಾಡೆಲ್‌ನಲ್ಲಿ, 0.35 ಮಿಲಿಮೀಟರ್ ಆಗುತ್ತದೆ. ಅಂಥ ಬರಹಗಳು ಒಂದು ಟಾಮ್‌ಕ್ಯಾಟ್ ಮೇಲೆ ನೂರಾರು.

ಬಣ್ಣ ಪೂರ್ತಿ ಸಾಯಲಿಲ್ಲ. ನೌಕೆಯ ವಾಯುದಳದ ಮುಖ್ಯಸ್ಥನ ಹೆಸರಿಗೆ ಪ್ರತಿ ಸ್ಕ್ವಾಡ್ರನ್‌ನಲ್ಲೂ ಒಂದು ವಿಮಾನ ಇರುತ್ತದೆ. ಮೋಡೆಕ್ಸ್ 00ಯಲ್ಲಿ ಮುಗಿಯುವ ಈ ವಿಮಾನಕ್ಕೆ ಬಣ್ಣದ ಬಾಲ ಬಳಿಯಲು ಹಲವು ಸ್ಕ್ವಾಡ್ರನ್‌ಗಳಿಗೆ ಅವಕಾಶ ಸಿಕ್ಕಿತು. ಆಫ್ಟರ್‌ಮಾರ್ಕೆಟ್ ಹಾಳೆಗಳಲ್ಲಿ ಮೊದಲು ಕಾಣುವುದು ಇವೇ. ಮಾರಾಟವಾಗುವುದು ಬಣ್ಣ, ಅದು ಸಹಜ. ಆದರೆ ಇದರಿಂದ ಡೆಕ್ ಮೇಲೆ ದಿನಾ ದುಡಿದ ಮಾಮೂಲಿ ಬೂದು ವಿಮಾನಗಳು ಹಿಂದೆ ಬಿದ್ದವು. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಅಚ್ಚಿನ ಲೆಕ್ಕವೂ ಇದಕ್ಕೆ ಕಾರಣ. ಒಳ್ಳೆಯ ಡೆಕಾಲ್‌ಗಳು ಬಹುಕಾಲ ಸ್ಕ್ರೀನ್ ಪ್ರಿಂಟಿಂಗ್‌ನಲ್ಲೇ ಆಗುತ್ತಿದ್ದವು. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್. ಇಟಲಿಯ ಕಾರ್ಟೋಗ್ರಾಫ್ ಈ ಕೆಲಸಕ್ಕೆ ಹೆಸರುವಾಸಿ. ಹಲವು ಸಣ್ಣ ಕಂಪನಿಗಳು ವಿನ್ಯಾಸ ತಾವು ಮಾಡಿ, ಅಚ್ಚು ಅಲ್ಲಿ ಹಾಕಿಸುತ್ತವೆ. ಸ್ಕ್ರೀನ್ ಸಿದ್ಧ ಮಾಡುವ ಖರ್ಚು ನೂರು ಹಾಳೆಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಹಾಗಾಗಿ ಒಮ್ಮೆ ಅಚ್ಚು ಹಾಕಿಸಿದ್ದು ಖಾಲಿಯಾದರೆ ಎರಡನೇ ಸಲಕ್ಕೆ ಯಾರೂ ಸುಲಭವಾಗಿ ಕೈಹಾಕಲ್ಲ. ಜಪಾನಿನ ಆಲ್ಪ್ಸ್ ಪ್ರಿಂಟರ್‌ಗಳು ಬಂದಾಗ ಮನೆಯಲ್ಲೇ ಬಿಳಿ ಶಾಯಿ ಅಚ್ಚು ಹಾಕಲು ಸಾಧ್ಯವಾಯಿತು. ಯಾರೂ ಮುಟ್ಟದ ಸ್ಕ್ವಾಡ್ರನ್‌ಗಳು ಆಗ ಹಾಳೆಗೆ ಬಂದವು. ಆದರೆ ಆ ಅಚ್ಚು ಬೇಗ ಕೆರೆದು ಹೋಗುತ್ತಿತ್ತು, ಮುಂದೆ ಪ್ರಿಂಟರ್ ತಯಾರಿಕೆಯೂ ನಿಂತಿತು.

ಈಗ ಡಿಜಿಟಲ್ ಅಚ್ಚು ಬಂದಿದೆ. ಬೇಕಾದಷ್ಟೇ ಹಾಳೆ ತೆಗೆಯಬಹುದು. ಭೂತಗನ್ನಡಿ ಹಿಡಿದರೆ ಕೆಲವದರಲ್ಲಿ ಬೂದು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಚೆಕ್ ಕಂಪನಿ ಎಡ್ವಾರ್ಡ್‌ನ ಹೊಸ ಡೆಕಾಲ್‌ಗಳಲ್ಲಿ ಅಂಟಿಸಿದ ಮೇಲೆ ಪಾರದರ್ಶಕ ಪೊರೆಯನ್ನೇ ಸುಲಿದು, ಶಾಯಿ ಮಾತ್ರ ಉಳಿಸಿಕೊಳ್ಳಬಹುದು. ಕೆಲವರಿಗೆ ಇದು ವರ, ಕೆಲವರಿಗೆ ಭಯ. ನೂರಾರು ಸಣ್ಣ ಬರಹಗಳಿರುವ ಬೂದು ಜೆಟ್‌ಗೆ ಇದು ದೊಡ್ಡ ಅನುಕೂಲ ಅಂತ ನನ್ನ ಅನಿಸಿಕೆ. ಪೊರೆಯ ಅಂಚು ಎದ್ದು ಕಾಣುವುದು ಅಲ್ಲೇ ಅಲ್ವಾ?

ಹಳೆಯ ಹಾಳೆಗಳ ಹುಡುಕಾಟ ಮಾತ್ರ ನಿಂತಿಲ್ಲ. ವಿಎಫ್-84 1995ರಲ್ಲಿ ವಿಸರ್ಜನೆಯಾಗಿ, ಜಾಲಿ ರೋಜರ್ಸ್ ಹೆಸರು ಮತ್ತು ತಲೆಬುರುಡೆ ವಿಎಫ್-103ಕ್ಕೆ ಹೋದವು. ಹಾಗಾಗಿ ತಲೆಬುರುಡೆ ಇದೆ ಅಂತ ಕಣ್ಣು ಮುಚ್ಚಿ ಹಾಳೆ ಕೊಳ್ಳಬೇಡಿ, ಸ್ಕ್ವಾಡ್ರನ್ ಸಂಖ್ಯೆ ಮತ್ತು ಬಾಲದ ಅಕ್ಷರ ಮೊದಲು ನೋಡಿ. ಕೊಂಡ ಹಾಳೆ ಹಳದಿಯಾಗಿದ್ದರೆ ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಡಿ, ಬಹಳ ಸಲ ಹಳದಿ ಇಳಿಯುತ್ತದೆ. ಬೇಕಾದ ಗುರುತುಗಳನ್ನು ನೀರಿಗೆ ಹಾಕುವ ಮೊದಲು ಬೇಡವಾದ ಒಂದು ಅಂಕಿಯನ್ನು ಕತ್ತರಿಸಿ ನೀರಲ್ಲಿ ಪರೀಕ್ಷಿಸಿ. ಅದು ಚೂರಾದರೆ ಇಡೀ ಹಾಳೆಗೆ ಪಾರದರ್ಶಕ ವಾರ್ನಿಷ್ ಒಂದು ಪದರ ಹೊಡೆದು, ಒಣಗಿದ ಮೇಲೆ ಪ್ರತಿ ಗುರುತನ್ನೂ ಅಂಚಿನ ಹತ್ತಿರಕ್ಕೆ ಕತ್ತರಿಸಿ ಬಳಸಿ.