ಕೆರೆ ಏರಿಯ ಸುರಕ್ಷತೆ: ಸೋರುವ ನೀರನ್ನು ಪರೀಕ್ಷಿಸುವ ಬಗೆ

ನಮ್ಮ ಕಡೆಯ ಕೆರೆಗಳಲ್ಲಿ ಬಹುಪಾಲು ಎಂಜಿನಿಯರಿಂಗ್ ಲೆಕ್ಕದಲ್ಲಿ ಚಿಕ್ಕ ಮಣ್ಣಿನ ಅಣೆಕಟ್ಟೆಗಳೇ. 2021ರ ಅಣೆಕಟ್ಟೆ ಸುರಕ್ಷತಾ ಕಾಯಿದೆ 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ಎತ್ತರದವು ಉದ್ದ, ಸಂಗ್ರಹ ಮುಂತಾದ ಷರತ್ತುಗಳಲ್ಲಿ ಒಂದನ್ನಾದರೂ ಪೂರೈಸಿದರೆ ಮಾತ್ರ ಅದರೊಳಗೆ ಬರುತ್ತವೆ. ಐದಾರು ಮೀಟರಿನ ಹಳ್ಳಿಯ ಏರಿ ಈ ಚೌಕಟ್ಟಿನ ಹೊರಗೇ ಉಳಿಯುವುದರಿಂದ, ಅದರ ಸ್ಥಿತಿಗತಿಯನ್ನು ಏರಿಯ ಮೇಲೆ ನಡೆದು ನೋಡುವವರೇ ಅರಿಯಬೇಕು.

ಮಣ್ಣಿನ ಕಟ್ಟೆಗಳು ಒಡೆಯುವುದಕ್ಕೆ ಮುಖ್ಯ ಕಾರಣಗಳು ಎರಡು: ನೀರು ಏರಿಯ ಮೇಲೆ ಹತ್ತಿ ಹರಿಯುವುದು ಮತ್ತು ಏರಿಯ ಒಡಲೊಳಗೆ ಮಣ್ಣು ಕೊಚ್ಚಿಹೋಗುವುದು. ಜಗತ್ತಿನಾದ್ಯಂತ ದಾಖಲಾದ ವೈಫಲ್ಯಗಳಲ್ಲಿ ಇವೆರಡರ ಪಾಲು ಹೆಚ್ಚುಕಡಿಮೆ ಸಮಸಮ. ಇಳಿಜಾರು ಕುಸಿದು ಒಡೆದವು ಅವುಗಳ ಮುಂದೆ ಬಹಳ ಕಡಿಮೆ.

ಮೊದಲನೆಯ ಕಾರಣವನ್ನು ಕೋಡಿಯ ಲೆಕ್ಕದಿಂದಲೇ ತಿಳಿಯಬಹುದು. ಅಗಲ ನೆತ್ತಿಯ ಕೋಡಿಯ ಮೇಲೆ ಹರಿಯುವ ನೀರು ಸುಮಾರಾಗಿ 1.7 × ಉದ್ದ × (ನೀರಿನ ಆಳ)ದ 1.5ನೇ ಘಾತ. ಕೋಡಿ 20 ಮೀಟರ್ ಉದ್ದವಿದ್ದು, ನೀರು 1 ಮೀಟರ್ ಆಳದಲ್ಲಿ ಹರಿದರೆ ಸೆಕೆಂಡಿಗೆ 34 ಘನ ಮೀಟರ್ ಹೊರಹೋಗುತ್ತದೆ. ಇನ್ನಷ್ಟು ನೀರು ನಿಲ್ಲಲೆಂದು ಆ ಕೋಡಿಗೆ ಅರ್ಧ ಮೀಟರ್ ಮರಳುಚೀಲ ಪೇರಿಸಿದರೆ, ಏರಿಯ ಎತ್ತರ ಇದ್ದಷ್ಟೇ ಇರುವಾಗ ಹರಿವಿಗೆ ಸಿಗುವ ಆಳ ಅರ್ಧಕ್ಕಿಳಿದು, ಹೊರಹೋಗುವ ನೀರು 12 ಘನ ಮೀಟರಿಗೆ ಕುಸಿಯುತ್ತದೆ. ಆಳ ಅರ್ಧವಾದರೆ ಹರಿವು ಮೂರನೇ ಒಂದರಷ್ಟಾಗುತ್ತದೆ ಎಂಬ ಈ ಅಂಶವನ್ನು ಬೇಸಿಗೆಯ ನೀರಿನ ಆಸೆಯಲ್ಲಿ ಕೋಡಿ ಎತ್ತರಿಸುವವರು ಗಮನಿಸುವುದಿಲ್ಲ.

ಎರಡನೆಯ ಕಾರಣ ಕಣ್ಣಿಗೆ ಕಾಣದಂತೆ ಬೆಳೆಯುವುದರಿಂದ ಇಲ್ಲಿ ಹೆಚ್ಚು ವಿವರ ಬೇಕು. ಸೋರದ ಮಣ್ಣಿನ ಏರಿ ಇಲ್ಲವೇ ಇಲ್ಲವೆನ್ನಬಹುದು. ಸೋರುವ ನೀರು ಮಣ್ಣನ್ನು ಹೊತ್ತು ತರುತ್ತಿದೆಯೇ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ. ಕ್ರಿ.ಶ. 1369ರ, ಆಂಧ್ರಪ್ರದೇಶದ ಪೋರುಮಾಮಿಳ್ಳ ಕೆರೆಯ ಶಾಸನ, ವಿಜಯನಗರದ ಕಾಲದ್ದು, ಕೆರೆಯ ಆರು ದೋಷಗಳನ್ನು ಎಣಿಸುವಾಗ ಏರಿಯಿಂದ ನೀರು ಜಿನುಗುವುದನ್ನೇ ಮೊದಲು ಹೇಳುತ್ತದೆ. ಅಂದು ಕೆರೆ ಕಟ್ಟುತ್ತಿದ್ದವರ ಅನುಭವ ಅದರ ಹಿಂದೆ ಇದ್ದಿರಲೇಬೇಕು.

ಲೆಕ್ಕ ಹೀಗಿದೆ. ನೀರಿನ ಎತ್ತರದ ವ್ಯತ್ಯಾಸವನ್ನು ನೀರು ಮಣ್ಣೊಳಗೆ ಸಾಗುವ ದಾರಿಯ ಉದ್ದದಿಂದ ಭಾಗಿಸಿದರೆ ಬರುವುದು ಜಲಪ್ರವಣತೆ. 5 ಮೀಟರ್ ನೀರು 25 ಮೀಟರ್ ದಾರಿ ಸಾಗಿದರೆ ಅದರ ಸರಾಸರಿ 0.2. ಮೇಲ್ಮುಖವಾಗಿ ಹೊರಬರುವ ನೀರು ಮಣ್ಣಿನ ಕಣಗಳನ್ನು ಎತ್ತಿಹಿಡಿಯುವ ನಿರ್ಣಾಯಕ ಮಟ್ಟ ಸಾಮಾನ್ಯ ಮರಳಿನಲ್ಲಿ ಸುಮಾರು 1. ಅಂತರ ಸಾಕಷ್ಟಿದೆ ಎನಿಸಿದರೂ, ಹೊರಬರುವ ಜಾಗದಲ್ಲಿ ಹರಿವು ಒಂದೆಡೆ ಸೇರಿಕೊಳ್ಳುವುದರಿಂದ ಅಲ್ಲಿನ ಪ್ರವಣತೆ ಸರಾಸರಿಗಿಂತ ಬಹಳ ಹೆಚ್ಚಿರಬಹುದು. ಅಲ್ಲಿಂದ ಒಂದೊಂದೇ ಕಣ ಕಳಚಿದಂತೆ ಕೊಳವೆಯಂಥ ದಾರಿ ಹಿಮ್ಮುಖವಾಗಿ ಕೆರೆಯತ್ತ ಕೊರೆಯುತ್ತಾ ಹೋಗುತ್ತದೆ. ದಾರಿ ಚಿಕ್ಕದಾದಂತೆ ಪ್ರವಣತೆ ಇನ್ನೂ ಏರುವುದರಿಂದ ಕೊನೆಯ ಹಂತ ಕೆಲವೇ ಗಂಟೆಗಳಲ್ಲಿ ಮುಗಿದುಬಿಡಬಹುದು.

ಹಾಗಾಗಿ ಏರಿಯ ಹೊರಬುಡದಲ್ಲಿ ನೀರು ಕಂಡರೆ ಅದನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಹಿಡಿಯಬೇಕು, ಸ್ವಲ್ಪ ಹೊತ್ತು ಇಟ್ಟು ತಳದಲ್ಲಿ ಮಣ್ಣು ಕೂರುತ್ತದೆಯೇ ಎಂದು ನೋಡಬೇಕು. ಜಿನುಗನ್ನು ಸಣ್ಣ ಕಾಲುವೆಗೆ ತಿರುಗಿಸಿ ಬಕೆಟ್ ಇಟ್ಟು ಅಳೆಯಬಹುದು: 10 ಲೀಟರ್ ತುಂಬಲು 20 ಸೆಕೆಂಡ್ ಹಿಡಿದರೆ ಸೆಕೆಂಡಿಗೆ ಅರ್ಧ ಲೀಟರ್. ಆ ಅಂಕಿಯ ಪಕ್ಕದಲ್ಲಿ ಕೆರೆಯ ಅಂದಿನ ನೀರಿನ ಮಟ್ಟವನ್ನೂ ಬರೆಯದಿದ್ದರೆ ಅಳತೆ ವ್ಯರ್ಥ. ಮಟ್ಟ ಅಷ್ಟೇ ಇದ್ದು ಸೋರಿಕೆ ಹೆಚ್ಚಿದರೆ, ಅಥವಾ ತಿಳಿಯಾಗಿದ್ದ ನೀರು ಕದಡಿದರೆ, ಒಳಗೆ ದಾರಿ ಬಿದ್ದಿದೆ ಎಂದೇ ತಿಳಿಯಬೇಕು.

ಇಂಥ ವೇಳೆ ಜೇಡಿಮಣ್ಣೋ ಸಿಮೆಂಟೋ ಹಾಕಿ ಹೊರಗಿನಿಂದ ಬಾಯಿ ಮುಚ್ಚುವುದು ಸಹಜ ಪ್ರವೃತ್ತಿ, ಆದರೆ ಅದು ಅಪಾಯಕಾರಿ. ಒಳಗಿನ ಒತ್ತಡ ಏರಿ, ನೀರು ಪಕ್ಕದಲ್ಲಿ ಇನ್ನೊಂದು ದಾರಿ ಹುಡುಕುತ್ತದೆ. ನೀರನ್ನು ಬಿಟ್ಟು ಮಣ್ಣನ್ನು ಮಾತ್ರ ತಡೆಯಬೇಕು: ಮೊದಲು ಮರಳು, ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು. ಮರಳಿನ ಆಯ್ಕೆಗೆ ಮಣ್ಣಿನ ಎಂಜಿನಿಯರಿಂಗ್ ತಜ್ಞ ತೆರ್ಜಾಗಿಯವರ ನಿಯಮವಿದೆ. ಶೋಧಕದ, ಅಂದರೆ ಈ ಮರಳಿನ, ಡಿ15 ಗಾತ್ರ (ತೂಕದಲ್ಲಿ ನೂರಕ್ಕೆ 15 ಪಾಲು ಕಣಗಳು ಇದಕ್ಕಿಂತ ಸಣ್ಣವು) ಏರಿಮಣ್ಣಿನ ಡಿ85 ಗಾತ್ರದ (ನೂರಕ್ಕೆ 85 ಪಾಲು ಇದಕ್ಕಿಂತ ಸಣ್ಣವು) 4ರಿಂದ 5 ಪಟ್ಟನ್ನು ಮೀರಬಾರದು. ನೆಲದಿಂದ ಮರಳು ಉಕ್ಕುತ್ತಿದ್ದರೆ ಸುತ್ತ ಮರಳುಚೀಲದ ಕಟ್ಟೆ ಕಟ್ಟಿ ನೀರು ಸ್ವಲ್ಪ ನಿಲ್ಲುವಂತೆ ಮಾಡಿದರೆ ಪ್ರವಣತೆ ತಗ್ಗುತ್ತದೆ.

ತೂಬಿನ ಸುತ್ತ ವಿಶೇಷ ಎಚ್ಚರ ಬೇಕು, ಏಕೆಂದರೆ ಕಲ್ಲು ಅಥವಾ ಕೊಳವೆಗೆ ಅಂಟಿದ ಮಣ್ಣನ್ನು ಚೆನ್ನಾಗಿ ದಮ್ಮಸು ಮಾಡುವುದು ಕಷ್ಟ. ತೂಬಿನ ನೇರಕ್ಕೆ ಏರಿಯ ನೆತ್ತಿಯಲ್ಲಿ ಗುಳಿ ಬಿದ್ದಿದ್ದರೆ ಅದನ್ನು ಬರಿದೇ ಮಣ್ಣು ತುಂಬಿ ಮರೆಯುವಂತಿಲ್ಲ. ಬಿರುಕುಗಳಲ್ಲಿ ಏರಿಗೆ ಅಡ್ಡವಾಗಿ, ಕೆರೆಯಿಂದ ಹೊರಮೈಗೆ ಹಾಯುವಂಥವು ಹೆಚ್ಚು ಅಪಾಯಕಾರಿ. ಮಣ್ಣು ನೀರಿನಲ್ಲಿ ತಾನಾಗಿಯೇ ಕದಡಿ ಚದುರುವ ಜಾತಿಯದೇ ಎಂದು ತಿಳಿಯಲು ಬಟಾಣಿ ಗಾತ್ರದ ಹೆಂಟೆಯನ್ನು ಶುದ್ಧ ನೀರಿನ ಲೋಟಕ್ಕೆ ಹಾಕಿ ಅಲುಗಿಸದೆ ಬಿಡಬೇಕು. ಬರಿದೇ ಉದುರಿ ಕುಪ್ಪೆಯಾದರೆ ಚಿಂತೆ ಕಡಿಮೆ. ತಳದಲ್ಲಿ ಹಾಲಿನಂಥ ಮೋಡ ಹರಡಿದರೆ ಆ ಮಣ್ಣಿನ ಏರಿಗೆ ಕೂದಲೆಳೆಯ ಬಿರುಕೂ ಗಂಡಾಂತರವೇ.

ಮರದ ಬೇರು, ಹೆಗ್ಗಣದ ಬಿಲ, ಏಡಿಯ ಗುದ್ದುಗಳೂ ಇದೇ ಸಾಲಿಗೆ ಸೇರುತ್ತವೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟೆ 2019ರ ಜುಲೈ 2ರ ರಾತ್ರಿ ಒಡೆದು ಹಲವರು ಸತ್ತಾಗ, ಏಡಿಗಳೇ ಕಾರಣವೆಂಬ ಮಾತು ಸಚಿವರ ಬಾಯಿಂದ ಬಂದು ನಗೆಪಾಟಲಾಯಿತು. ಏಡಿ ಏರಿಯನ್ನು ಕೊರೆಯುವುದು ಸುಳ್ಳಲ್ಲ. ಆದರೆ ಸೋರಿಕೆಯ ಬಗ್ಗೆ ಊರಿನವರು ಮೊದಲೇ ದೂರಿದ್ದರು. ಗುದ್ದನ್ನು ಕಂಡು ಅಗೆದು ದಮ್ಮಸು ಮಾಡಿ ಮುಚ್ಚುವುದೇ ನಿರ್ವಹಣೆಯ ಕೆಲಸವಾಗಿರುವಾಗ, ಏಡಿಯ ಹೆಸರು ಹೇಳಿದರೆ ಕಾರಣ ಹೇಳಿದಂತಾಗುವುದಿಲ್ಲ.

ತಪಾಸಣೆಯನ್ನು ಮಳೆಗಾಲಕ್ಕೆ ಮುನ್ನ ಒಮ್ಮೆ, ಕೆರೆ ತುಂಬಿದಾಗ ಇನ್ನೊಮ್ಮೆ ಮಾಡಬೇಕು. ಒಣ ಏರಿಯಲ್ಲಿ ಬಿರುಕು, ಗುದ್ದು ಕಾಣುತ್ತವೆ, ತುಂಬಿದ ಕೆರೆಯಲ್ಲಿ ಸೋರಿಕೆ ಕಾಣುತ್ತದೆ. ಅಪಾಯ ಕಂಡು ನೀರಿಳಿಸಬೇಕಾಗಿ ಬಂದರೂ, ಸಮಯವಿದ್ದಲ್ಲಿ ನಿಧಾನವಾಗಿಯೇ ಇಳಿಸಬೇಕು. ನೀರು ಥಟ್ಟನೆ ತಗ್ಗಿದರೆ ಒಳಮೈಗೆ ಆಸರೆಯಾಗಿದ್ದ ಒತ್ತಡ ಹೋಗಿ, ನೆನೆದ ಮಣ್ಣು ಇನ್ನೂ ಬಸಿಯದೆ ಉಳಿದು, ಆ ಇಳಿಜಾರೇ ಕೆರೆಯೊಳಕ್ಕೆ ಜಾರಬಹುದು.